ಎರಡಡಿ ನಳಿಗೆಯ ಆಂಡರ್ಸನ್ ಸಾಹೇಬರು

ಹೊರನಾಡು: ಚುನಾವಣೆ ಬಂತೆಂದರೆ ಕಳಸ, ಹೊರನಾಡು, ಮೂಡಿಗೆರೆ ಕಡೆಯ ಲೈಸೆನ್ಸ್ ಕೋವಿಗಳೆಲ್ಲ ಪೊಲೀಸ್ ಠಾಣೆಗೆ ಹೊರಡುತ್ತವೆ. ಗೋಣಿಚೀಲದಲ್ಲಿ ಸುತ್ತಿದ್ದು ಕೆಲವು, ಹಳೇ ಪಂಚೆಯಲ್ಲಿ ಸುತ್ತಿದ್ದು ಕೆಲವು. ಠಾಣೆಯ ಗೋಡೆಗೆ ಸಾಲಾಗಿ ಒರಗಿಸಿಟ್ಟಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಒಂದರ ಉದ್ದ ಇನ್ನೊಂದಕ್ಕಿಲ್ಲ. ಅಜ್ಜನ ಕಾಲದ ಕೇಪಿನ ಕೋವಿ ಆಳೆತ್ತರಕ್ಕೆ ನಿಂತಿದ್ದರೆ, ಪಕ್ಕದ ಜೋಡುನಳಿಗೆ ಅದರ ಭುಜದ ಮಟ್ಟಕ್ಕಿರುತ್ತದೆ. ಅಲ್ಲಿಂದ ಶುರು ತಗಾದೆ. ನಳಿಗೆ ಉದ್ದ ಇದ್ದಷ್ಟೂ ಗುಂಡು ದೂರ ಹೋಗ್ತದೆ ಅಂತ ಹಳಬರು. ಹಳುವಿನೊಳಗೆ ಉದ್ದದ್ದು ತಗೊಂಡು ನುಗ್ಗೋದು ಹೇಗೆ ಅಂತ ಹುಡುಗರು. ಬಸ್ಸು ಬರುವ ತನಕವೂ ಮುಗಿಯದ ತಗಾದೆ ಇದು.

ಇದಕ್ಕೆ ಪುಸ್ತಕ ಬರೆದು ಉತ್ತರ ಕೊಟ್ಟವರು ಬಹಳ ಮಂದಿ ಇದ್ದಾರೆ. ಕಾಡಿನಲ್ಲಿ ನಿಂತು, ಜೀವ ಪಣಕ್ಕಿಟ್ಟು ಉತ್ತರ ಕೊಟ್ಟವರು ಕಡಿಮೆ. ಅಂಥವರಲ್ಲಿ ಈ ಜಿಲ್ಲೆಯ ಜನಕ್ಕೆ ಚೆನ್ನಾಗಿ ಗೊತ್ತಿರುವ ಹೆಸರು ಕೆನೆತ್ ಆಂಡರ್ಸನ್. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕಥೆಗಳನ್ನು ಓದಿದವರಿಗೆ ಈ ಸಾಹೇಬರ ಪರಿಚಯ ಬೇರೆ ಮಾಡಿಕೊಡಬೇಕಿಲ್ಲ. ಬೆಳ್ಳಂದೂರಿನ ನರಭಕ್ಷಕ, ಪೆದ್ದಚೆರುವಿನ ರಾಕ್ಷಸ, ಜಾಲಹಳ್ಳಿಯ ಕುರ್ಕ, ಮುನಿಶಾಮಿ ಮತ್ತು ಮಾಗಡಿ ಚಿರತೆ ಎಂದು ಹೆಸರು ಹೇಳಿದರೆ ಸಾಕು, ಕಿರಾಣಿ ಅಂಗಡಿಯ ಕಟ್ಟೆಯಲ್ಲಿ ಕೂತವರು ಮುಂದಿನ ಕಥೆ ತಾವೇ ಹೇಳುತ್ತಾರೆ. ಆದರೆ ಸಾಹೇಬರ ಕೈಯಲ್ಲಿದ್ದ ಕೋವಿ ಎಂಥದ್ದು, ಅದರ ನಳಿಗೆ ಎಷ್ಟುದ್ದ ಎಂದು ಕೇಳಿದರೆ ಮಾತ್ರ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಅದರ ಉದ್ದ 24 ಅಂಗುಲ, ಅಂದರೆ ಬರೋಬ್ಬರಿ ಎರಡಡಿ. ಶಾಲೆ ಮಕ್ಕಳ ಎರಡು ಅಳತೆಪಟ್ಟಿಯನ್ನು ತುದಿಗೆ ತುದಿ ಜೋಡಿಸಿಟ್ಟಷ್ಟು.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದಿನ ಹತ್ತಿರದ ಬೊಲಾರಂನಲ್ಲಿ. ಮೂಲ ಸ್ಕಾಟ್ಲೆಂಡ್. ಹಾಗಂತ ನಿನ್ನೆ ಮೊನ್ನೆ ಹಡಗಿನಿಂದ ಇಳಿದವರಲ್ಲ, ಅವರ ವಂಶ ಆರು ತಲೆಮಾರಿನಿಂದ ಇಂಡಿಯಾದಲ್ಲೇ ಬೇರು ಬಿಟ್ಟಿತ್ತು. ತಂದೆ ಪುಣೆಯಲ್ಲಿ ಮಿಲಿಟರಿಯವರ ಸಂಬಳದ ಲೆಕ್ಕ ನೋಡುವ ಕಚೇರಿಯ ಸೂಪರಿಂಟೆಂಡೆಂಟ್. ಮಗ ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಆಮೇಲೆ ಸೇಂಟ್ ಜೋಸೆಫ್ಸ್ ಕಾಲೇಜು. ಲಾಯರಿಕೆ ಓದಿ ಬಾ ಅಂತ ಎಡಿನ್‌ಬರೋಗೆ ಕಳಿಸಿದರು. ಹುಡುಗನಿಗೆ ಆ ಚಳಿ, ಆ ಕಟ್ಟಡಗಳು ಒಗ್ಗಲಿಲ್ಲ. ಓದನ್ನು ಅರ್ಧಕ್ಕೇ ಬಿಟ್ಟು ವಾಪಸು ಬಂದು ಬೆಂಗಳೂರು ಸೇರಿಕೊಂಡರು. ಓದು ಅರ್ಧಕ್ಕೆ ಬಿಟ್ಟವರೆಲ್ಲ ಕೆಟ್ಟರು ಎಂದೇನೂ ಇಲ್ಲ ಬಿಡಿ.

ಹೊಟ್ಟೆಪಾಡಿಗೆ ಅಂಚೆ ತಂತಿ ಇಲಾಖೆಯಲ್ಲಿ 15 ವರ್ಷ ದುಡಿದರು. ಅದಾದ ಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆ. ಅಲ್ಲಿ ಪ್ಲಾನಿಂಗ್ ವಿಭಾಗದ ಮ್ಯಾನೇಜರ್ ಹುದ್ದೆಯ ತನಕ ಏರಿದರು. ಅಂದರೆ ನರಭಕ್ಷಕ ಹುಲಿ ಹೊಡೆದ ಈ ಶಿಕಾರಿ ರಾಜಮನೆತನದವರಲ್ಲ, ನೂರು ಆಳು ಸೋವು ಹೊಡೆದು ಹುಲಿಯನ್ನು ಎದುರಿಗೆ ತಂದು ನಿಲ್ಲಿಸುವ ಕಾಲದ ದೊರೆಯೂ ಅಲ್ಲ. ತಿಂಗಳ ಸಂಬಳಕ್ಕೆ ದುಡಿದು, ರಜೆ ಸಿಕ್ಕಾಗ ಕಾರು ಹತ್ತಿ ಕಾಡಿಗೆ ಹೊರಡುತ್ತಿದ್ದ ನೌಕರ. ಕರ್ನಾಟಕ, ಹೈದರಾಬಾದು, ತಮಿಳುನಾಡು ಮೂರೂ ಕಡೆ ಸೇರಿ ಸುಮಾರು 200 ಎಕರೆ ಜಮೀನು ಮಾಡಿಕೊಂಡಿದ್ದರು. ಕನ್ನಡ, ತಮಿಳು ಸಲೀಸಾಗಿ ಬರುತ್ತಿತ್ತು. ಹಳ್ಳಿಗೆ ಹೋದರೆ ಮೊದಲು ಕೂರುತ್ತಿದ್ದದ್ದು ದನ ಕಾಯುವವರ ಜೊತೆ, ಬಿದಿರು ಕಡಿಯುವವರ ಜೊತೆ. ಪೂಜಾರಿ ಪಂಗಡದ ಬೈರ ಎಂಬ ಕಾಡಿನ ಮನುಷ್ಯ ಅವರಿಗೆ ಗುರುವಿನ ಸಮಾನ. ಹೆಜ್ಜೆ ಗುರುತು ಓದುವ ವಿದ್ಯೆಯನ್ನು ಬಹಳಷ್ಟು ಅವನಿಂದಲೇ ಕಲಿತರು.

ಇಂಥ ಮನುಷ್ಯನಿಗೆ ಹತ್ತು ಕೋವಿ ಇಟ್ಟುಕೊಳ್ಳುವ ಐಶ್ವರ್ಯ ಎಲ್ಲಿಂದ ಬರಬೇಕು? ದೊಡ್ಡ ಶಿಕಾರಿಗೆ ನೆಚ್ಚಿದ್ದು ಮುಖ್ಯವಾಗಿ ಒಂದನ್ನೇ. ಅಮೆರಿಕದ ವಿಂಚೆಸ್ಟರ್ ಕಂಪನಿಯ 1895ನೇ ಮಾಡೆಲ್ಲು, .405 ಬೋರಿನ ರೈಫಲ್. ವಿನ್ಯಾಸ ಮಾಡಿದಾತ ಜಾನ್ ಬ್ರೌನಿಂಗ್ ಎಂಬ ಕೋವಿ ಕಸುಬಿನ ಮಹಾ ಬುದ್ಧಿವಂತ. .405ರ ತೋಟಾ ಬಂದದ್ದು 1904ರಲ್ಲಿ. ಅಮೆರಿಕದ ಅಧ್ಯಕ್ಷಗಿರಿ ಮುಗಿಸಿದ ಥಿಯೋಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಸಿಂಹದ ಬೇಟೆಗೆ ಹೋದಾಗ ಇದನ್ನೇ ಹೊತ್ತುಕೊಂಡು ಹೋಗಿ ಬಾಯ್ತುಂಬ ಹೊಗಳಿದ್ದರು. ಬೆರಳು ಹಾಕುವ ಜಾಗದಲ್ಲೇ ಒಂದು ಬಳೆಯಂಥ ಲಿವರ್. ಅದನ್ನು ಕೆಳಗೆ ತಳ್ಳಿ ಮೇಲಕ್ಕೆಳೆದರೆ ಖಾಲಿ ತೋಟಾ ಹೊರಗೆ ಹಾರಿ ಹೊಸದು ಒಳಗೆ ಕೂರುತ್ತದೆ. ಕೋವಿಯನ್ನು ಹೆಗಲಿನಿಂದ ಇಳಿಸಬೇಕಾಗಿಲ್ಲ.

ಇನ್ನು ನಳಿಗೆಯ ವಿಷಯ. ಇದೇ 1895ನೇ ಮಾಡೆಲ್ಲನ್ನು ಒಂದನೇ ಮಹಾಯುದ್ಧದಲ್ಲಿ ರಷ್ಯಾದ ಸೈನ್ಯಕ್ಕೆ ಮೂರು ಲಕ್ಷದ ಹತ್ತಿರ ಮಾಡಿಕೊಟ್ಟರು. ಆ ಸಿಪಾಯಿಗಳ ರೈಫಲ್ಲಿಗೆ 28 ಅಂಗುಲದ ನಳಿಗೆ. ಬಯಲಲ್ಲಿ ದೂರ ಹೊಡೆಯಬೇಕು, ತುದಿಗೆ ಬಯೊನೆಟ್ ಸಿಕ್ಕಿಸಿ ತಿವಿಯಬೇಕು, ಅದಕ್ಕೆ ಆ ಉದ್ದ. ಬೇಟೆಯ .405ಕ್ಕೆ ಕಂಪನಿ ಇಟ್ಟದ್ದು 24. ಬರೀ ನಾಲ್ಕು ಅಂಗುಲದ ವ್ಯತ್ಯಾಸ. ಬಟ್ಟೆ ಅಂಗಡಿಯಲ್ಲಾದರೆ ನಾಲ್ಕು ಅಂಗುಲಕ್ಕೆ ಯಾರೂ ಜಗಳ ಆಡುವುದಿಲ್ಲ. ಕಾಡಿನಲ್ಲಿ ಆಡಬೇಕಾಗುತ್ತದೆ.

ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಳಬರ ವಾದದಲ್ಲಿ ನಿಜ ಇಲ್ಲದೆ ಇಲ್ಲ. ಕೇಪಿನ ಕೋವಿಗೆ ಹಾಕುವುದು ಕರಿ ಮದ್ದು. ಅದು ನಿಧಾನ ಉರಿಯುವ ಮದ್ದು. ಉರಿದು ಮುಗಿಯುವ ತನಕ ಗುಂಡನ್ನು ತಳ್ಳಿಕೊಂಡು ಹೋಗಲು ಉದ್ದ ದಾರಿ ಬೇಕು, ಅದಕ್ಕೇ ಅಜ್ಜಂದಿರ ಕೋವಿ ಅಷ್ಟುದ್ದ. ತೋಟಾದೊಳಗಿನ ಹೊಗೆಯಿಲ್ಲದ ಮದ್ದು ಹಾಗಲ್ಲ, ಗುಂಡು ಸ್ವಲ್ಪ ದೂರ ಸರಿಯುವಷ್ಟರಲ್ಲಿ ಅದರ ಹೆಚ್ಚಿನ ಕೆಲಸ ಮುಗಿದೇ ಹೋಗಿರುತ್ತದೆ. ಆಮೇಲೆ ಉಳಿದ ನಳಿಗೆ ಕೊಡುವುದು ಚಿಲ್ಲರೆ ಲಾಭ. ಸಾಧಾರಣ ಬೇಟೆ ರೈಫಲ್ಲಿನಲ್ಲಿ ಒಂದು ಅಂಗುಲ ಕಡಿಮೆ ಮಾಡಿದರೆ ಗುಂಡಿನ ವೇಗ ಸೆಕೆಂಡಿಗೆ 20–30 ಅಡಿ ಇಳಿಯಬಹುದು. ಆಂಡರ್ಸನ್ನರ .405 ಸುಮಾರು 20 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ 2,200 ಅಡಿ ವೇಗದಲ್ಲಿ ಕಳಿಸುತ್ತಿತ್ತು. ಅದರಲ್ಲಿ 20–30 ಹೋದರೆ ರೂಪಾಯಿಗೆ ಒಂದು ಪೈಸೆ ಹೋದ ಲೆಕ್ಕ. 15 ಗಜ ದೂರದ ಹುಲಿಗೆ ಆ ಪೈಸೆಯ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಾಗಾದರೆ ಇನ್ನೂ ಗಿಡ್ಡ ಮಾಡಿ 16 ಅಂಗುಲಕ್ಕೇ ನಿಲ್ಲಿಸಬಹುದಲ್ಲ? ಆಗುವುದಿಲ್ಲ. ದುರ್ಬೀನಿಲ್ಲದ ಕೋವಿಯಲ್ಲಿ ಗುರಿ ಹಿಡಿಯುವುದು ಹಿಂದಿನ ಕಚ್ಚು, ತುದಿಯ ಮಣಿ ಎರಡನ್ನೂ ಒಂದೇ ನೇರಕ್ಕೆ ತಂದು. ಅವೆರಡರ ನಡುವಿನ ದೂರ ಹೆಚ್ಚಿದಷ್ಟೂ ಕೈಯ ತಪ್ಪು ಕಣ್ಣಿಗೆ ಕಾಣುತ್ತದೆ. ನಳಿಗೆ ಗಿಡ್ಡ ಆದಷ್ಟೂ ತಪ್ಪು ಕಾಣದೆ ಗುಂಡು ಬೇರೆ ಕಡೆ ಹೋಗುತ್ತದೆ. ಮೇಲಾಗಿ ಶಬ್ದ ಕಿವಿ ಒಡೆಯುವಷ್ಟು. ನಳಿಗೆ ಬಾಯಲ್ಲಿ ಬರುವ ಬೆಂಕಿಯಂತೂ ಕತ್ತಲಲ್ಲಿ ಮಿಂಚು ಹೊಡೆದ ಹಾಗೆ. ಆಂಡರ್ಸನ್ ಕೂರುತ್ತಿದ್ದದ್ದು ಬಹುಪಾಲು ರಾತ್ರಿ ಮರಸು, ಅದೂ ರೈಫಲ್ಲಿಗೆ ಟಾರ್ಚು ಕಟ್ಟಿಕೊಂಡು. ಮೊದಲ ಈಡಿನ ಬೆಂಕಿಗೆ ಕಣ್ಣು ಕತ್ತಲಾದರೆ ಎರಡನೇ ಈಡು ಯಾರಿಗೆ ಹೊಡೆಯುವುದು? ಹುಲಿಗೆ ಕಣ್ಣು ಕತ್ತಲಾಗಿರುವುದಿಲ್ಲ, ನೆನಪಿರಲಿ.

ಉದ್ದದ್ದರ ತಾಪತ್ರಯ ಹೊರನಾಡಿನ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲದ ಜಾರುವ ಏರಿನಲ್ಲಿ ಕಾಲು ತಪ್ಪಿದರೆ ಮೊದಲು ನೆಲಕ್ಕೆ ತಿವಿಯುವುದು ನಳಿಗೆಯ ಬಾಯಿ. ಬಾಯೊಳಗೆ ಕೆಸರು ಹೊಕ್ಕದ್ದನ್ನು ನೋಡದೆ ಹೊಡೆದರೆ ನಳಿಗೆ ಸಿಡಿದು ಹೊಡೆದವನ ಮುಖಕ್ಕೇ ಬರುತ್ತದೆ. ಲಂಟಾನ, ಬಿದಿರ ಮೆಳೆ, ಏಲಕ್ಕಿ ಮಲೆಯ ಸಂದಿಯಲ್ಲಿ ಉದ್ದ ನಳಿಗೆಯನ್ನು ಪಕ್ಕಕ್ಕೆ ತಿರುಗಿಸಲಿಕ್ಕೇ ಆಗುವುದಿಲ್ಲ. ಅಟ್ಟಣೆ ಮೇಲೆ ಕೂತಾಗ ಒಂದು ಕೊಂಬೆಗೆ ಟಣ್ ಎಂದು ತಾಗಿದರೆ ಆ ರಾತ್ರಿಯ ಕಥೆ ಮುಗಿಯಿತು, ಹುಲಿ ಮೈಲು ದೂರ. ಬಯಲುಸೀಮೆಯ ಕಡೂರಿನ ಕುರುಚಲಿನಲ್ಲಾದರೆ 26, 28 ಅಂಗುಲ ನಡೆದೀತು. ಘಟ್ಟದ ಹಳುವಿಗೆ ಅದು ಹೊರೆ. ಒಂದೇ ಕೋವಿ ಹಿಡಿದು ಎರಡೂ ಕಡೆ ಓಡಾಡುವವನು ನಡುವಿನದ್ದನ್ನೇ ಹಿಡಿಯಬೇಕು. ಆಂಡರ್ಸನ್ ಹಿಡಿದದ್ದು ಅದನ್ನೇ.

ಜೋಡುನಳಿಗೆ ಇಟ್ಟುಕೊಂಡವರಿಗೆ ಇನ್ನೊಂದು ಗುಟ್ಟು. ಜೋಡುನಳಿಗೆಯಲ್ಲಿ ತೋಟಾ ಎಳೆದು ತಳ್ಳುವ ಯಂತ್ರ ಇರುವುದಿಲ್ಲ, ನಳಿಗೆ ಹಿಡಿಯ ಹತ್ತಿರದಿಂದಲೇ ಶುರುವಾಗುತ್ತದೆ. ಹೀಗಾಗಿ ಅಷ್ಟೇ ಉದ್ದದ ನಳಿಗೆಯ ಬೋಲ್ಟ್ ರೈಫಲ್ಲಿಗಿಂತ ಇಡೀ ಕೋವಿ ಮೂರು ನಾಲ್ಕು ಅಂಗುಲ ಗಿಡ್ಡ. ಕೋವಿ ಕೊಳ್ಳುವಾಗ ನಳಿಗೆಯನ್ನು ಮಾತ್ರ ಅಳೆದರೆ ಸಾಲದು, ಬುಡದಿಂದ ತುದಿಯ ತನಕ ಅಳೆಯಬೇಕು. ಕುಮಾವೂನಿನ ಜಿಮ್ ಕಾರ್ಬೆಟ್ ಬೆಟ್ಟ ಹತ್ತಿ ನಡೆಯುವಾಗ .275 ಬೋರಿನ ಹಗುರ ರಿಗ್ಬಿ ಹಿಡಿಯುತ್ತಿದ್ದರು. ಭಾರಿ ಕೆಲಸಕ್ಕೆ ಜೋಡುನಳಿಗೆ ರೈಫಲ್ ಬೇರೆ ಇತ್ತು. ಇವರಿಗೆ ಆ ಭಾಗ್ಯ ಇರಲಿಲ್ಲ, ಎಲ್ಲಕ್ಕೂ ಆ ಎರಡಡಿಯೇ.

ಇನ್ನು ಈ ಅಳತೆಗಳ ಹಿಂದೆ ಇರುವ ಸಾವು ನೋವಿನ ಲೆಕ್ಕ. ಹುಲಿ ಚಿರತೆಗಳು ಹುಟ್ಟುತ್ತಲೇ ಮನುಷ್ಯರನ್ನು ತಿನ್ನುವುದಿಲ್ಲ ಎಂಬುದನ್ನು ಆಂಡರ್ಸನ್ ಪುಸ್ತಕದಿಂದ ಪುಸ್ತಕಕ್ಕೆ ಹೇಳುತ್ತಲೇ ಬಂದರು. ಎಷ್ಟೋ ನರಭಕ್ಷಕಗಳ ಮೈಯಲ್ಲಿ ಹಳೆ ಗಾಯ ಇರುತ್ತಿತ್ತು. ಯಾರೋ ಹೊಲ ಕಾಯುವವನು ಕತ್ತಲಲ್ಲಿ ಕೇಪಿನ ಕೋವಿಯಿಂದ ಚರೆ ಹಾರಿಸಿರುತ್ತಾನೆ. ಇಲ್ಲಾ, ಪೇಟೆಯಿಂದ ಕಾರಲ್ಲಿ ಬಂದ ಶೋಕಿ ಶಿಕಾರಿಯೊಬ್ಬ ಕಾರಿನ ದೀಪ ಬಿಟ್ಟು ಒಂದು ಗುಂಡು ಹೊಡೆದು, ರಕ್ತದ ಜಾಡು ಹಿಡಿಯುವ ಧೈರ್ಯವಿಲ್ಲದೆ ಊರು ಸೇರಿಕೊಂಡಿರುತ್ತಾನೆ. ಗಾಯದ ಪ್ರಾಣಿ ಜಿಂಕೆಯ ಹಿಂದೆ ಓಡಲಾರದು. ನಿಧಾನಕ್ಕೆ ನಡೆಯುವ, ಕೊಂಬಿಲ್ಲದ, ಕೋರೆಯಿಲ್ಲದ ಪ್ರಾಣಿ ಯಾವುದು ಎಂದು ಹುಡುಕುತ್ತದೆ. ಹೊಡೆದವನು ಬೆಂಗಳೂರಿನಲ್ಲಿ ಕಾಫಿ ಕುಡಿಯುತ್ತಿರುತ್ತಾನೆ, ಸಾಯುವವಳು ಸೌದೆ ತರಲು ಹೋದ ಹೆಂಗಸು.

ಗುಮ್ಮಳಾಪುರದ ಚಿರತೆಯನ್ನೇ ತೆಗೆದುಕೊಳ್ಳಿ. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಗಡಿಯ ಊರು ಅದು, ಇಂದು ತಮಿಳುನಾಡಿನಲ್ಲಿದೆ. ಆಂಡರ್ಸನ್ ಕೊಟ್ಟ ಲೆಕ್ಕದಂತೆ ಆ ಒಂದು ಚಿರತೆ ಬಲಿ ತೆಗೆದುಕೊಂಡದ್ದು 42 ಜನರನ್ನು. ಹೊತ್ತು ಮುಳುಗಿದ ಮೇಲೆ ಬಾಗಿಲು ತೆರೆಯುವವರೇ ಇರಲಿಲ್ಲ. ಸಾಹೇಬರು ಆ ಊರಲ್ಲಿ ರಾತ್ರಿಗಳನ್ನು ಕಳೆದರು. ಕೊನೆಗೆ ಜೀವ ಉಳಿಸಿದ್ದು ಒಂದು ಬಡಕಲು ಬೀದಿನಾಯಿ. ಕತ್ತಲಲ್ಲಿ ಅದು ಗುರುಗುಟ್ಟಿ ಎಚ್ಚರಿಸಿದ್ದರಿಂದ ಚಿರತೆ ಬರುವುದು ತಿಳಿಯಿತು. ಚಿರತೆಯನ್ನು ಹೊಡೆದ ಮೇಲೆ ಸಾಹೇಬರು ನಾಯಿಗೆ ನಿಪ್ಪರ್ ಎಂದು ಹೆಸರಿಟ್ಟು ಮನೆಗೇ ಕರೆದುಕೊಂಡು ಹೋದರು.

ಈ ಜಿಲ್ಲೆಗೂ ಅವರಿಗೂ ನಂಟು ಗಟ್ಟಿ. ಮೊದಲ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದು 1954ರಲ್ಲಿ. ಒಂಬತ್ತು ನರಭಕ್ಷಕರು ಮತ್ತು ಒಂದು ಪುಂಡಾನೆಯ ಕಥೆ ಅದು. ಅದರಲ್ಲೇ ಎಮ್ಮೆದೊಡ್ಡಿಯ ಹುಲಿ ಇದೆ. ಬಾಬಾಬುಡನ್ ಗಿರಿಯ ಕೆಳಗೆ, ಜನಪದ ಹಾಡಿನ ಮದಗದ ಕೆರೆಯ ಆಸುಪಾಸಿನ ಸೀಮೆ. ಚಿಕ್ಕಮಗಳೂರು ಜಿಲ್ಲೆಯನ್ನು ಆಗ ಕಡೂರು ಜಿಲ್ಲೆ ಎನ್ನುತ್ತಿದ್ದರು. ಬಯಲುಸೀಮೆ ಮುಗಿದು ಮಲೆ ಶುರುವಾಗುವ ಜಾಗ ಅದು. ಒಂದು ಫರ್ಲಾಂಗು ಕುರುಚಲು, ಇನ್ನೊಂದು ಫರ್ಲಾಂಗು ದಟ್ಟ ಕಾಡು. ಉದ್ದ ನಳಿಗೆಯೋ ಗಿಡ್ಡದ್ದೋ ಎಂದು ಕೇಳಿದರೆ ಎಮ್ಮೆದೊಡ್ಡಿಯ ನೆಲವೇ ಅರ್ಧರ್ಧ ಉತ್ತರ ಹೇಳುತ್ತದೆ.

ಇನ್ನೊಂದು ಕರಡಿಯ ಕಥೆ. ಕಡೂರಿನಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಓಡಾಡುವವರು ಇದನ್ನು ತಿಳಿದಿರಬೇಕು. ಅರಸೀಕೆರೆ ಕಡೆಯ ಗುಡ್ಡಗಳಲ್ಲಿ ಒಂದು ಕರಡಿ ಹುಚ್ಚೆದ್ದಿತ್ತು. ಕಡಿಮೆಯೆಂದರೂ 12 ಜನರನ್ನು ಕೊಂದಿತು, ಅದರ ಎರಡರಷ್ಟು ಜನರನ್ನು ಊನ ಮಾಡಿತು. ಕರಡಿ ಹಿಡಿಯುವುದೇ ಮುಖಕ್ಕೆ. ಬದುಕಿದವರಲ್ಲಿ ಕಣ್ಣು ಹೋದವರು, ಮೂಗು ಹೋದವರು. ದರ್ಗಾ ನೋಡಿಕೊಳ್ಳುತ್ತಿದ್ದ ಒಬ್ಬ ಮುದುಕರ ಪ್ರಾಯದ ಮಗನನ್ನು ಅದು ಕೊಂದಾಗ ಸಾಹೇಬರಿಗೆ ಸುದ್ದಿ ಹೋಯಿತು. ಬಂದು ಹುಡುಕಿದರು, ಸಿಗಲಿಲ್ಲ. ಆಮೇಲೆ ಚಿಕ್ಕಮಗಳೂರಿನ ಅರಣ್ಯಾಧಿಕಾರಿಯಿಂದ ಪತ್ರ. ಕರಡಿ ಈಗ ಸಖರಾಯಪಟ್ಟಣದ ಹತ್ತಿರ ಸೌದೆ ಕಡಿಯುವವರ ಮೇಲೆ ಬಿದ್ದಿದೆ ಎಂದು. ಮತ್ತೆ ಬೆಂಗಳೂರಿನಿಂದ ಹೊರಟರು. ಅಲ್ಲಿಯೂ ಒಂದೇ ಏಟಿಗೆ ಕೆಲಸ ಆಗಲಿಲ್ಲ, ವಾಪಸು ಹೋಗಿ ಪುನಃ ಬರಬೇಕಾಯಿತು. ಕೊನೆಗೆ ಕರಡಿ ಎದುರಾದಾಗ ಎದೆಗೆ ಗುಂಡು ಬಿತ್ತು, ಹಾವಳಿ ನಿಂತಿತು.

ಕರಡಿ ಅಂದರೆ ಹುಲಿಯ ಹಾಗೆ ಸುಳಿದು ಮರೆಯಾಗುವ ಪ್ರಾಣಿಯಲ್ಲ. ಕಾಲಡಿಯ ಪೊದೆಯಿಂದ ಎದ್ದು ಮೈಮೇಲೆ ಬರುತ್ತದೆ. ಕೋವಿ ಎತ್ತಲು ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲಿ ತುದಿ ಬಳ್ಳಿಗೆ ಸಿಕ್ಕಿಕೊಂಡಿತೋ, ಆಯಿತು. ನಾಲ್ಕು ಅಂಗುಲದ ಬೆಲೆ ಗೊತ್ತಾಗುವುದು ಅಲ್ಲಿ.

ಸರ್ಕಾರಿ ದಾಖಲೆಯ ಪ್ರಕಾರ 1939ರಿಂದ 1966ರ ನಡುವೆ ಆಂಡರ್ಸನ್ ಹೊಡೆದ ನರಭಕ್ಷಕ ಚಿರತೆಗಳು ಎಂಟು, ಹುಲಿಗಳು ಏಳು. ಕಥೆಗಳಲ್ಲಿ ಅಲ್ಲಲ್ಲಿ ಉಪ್ಪು ಖಾರ ಜಾಸ್ತಿ ಬಿದ್ದಿದೆ ಎನ್ನುವವರೂ ಇದ್ದಾರೆ. ಬಿದ್ದಿರಲೂಬಹುದು, ಶಿಕಾರಿ ಕಥೆ ಅಂದಮೇಲೆ. ಆದರೆ ಓದಿದವರಿಗೆ ಒಂದು ಮಾತು ಹೊಳೆಯದಿರದು. ಗುರಿ ತಪ್ಪಿದ್ದನ್ನು, ಹೆದರಿ ಬೆವತದ್ದನ್ನು, ಗಾಯದ ಪ್ರಾಣಿ ಕೈತಪ್ಪಿ ಹೋದದ್ದನ್ನು ಅವರು ಮುಚ್ಚಿಡುವುದಿಲ್ಲ. ಗಾಯ ಮಾಡಿದರೆ ಹಿಂದೆ ಹೋಗಿ ಮುಗಿಸಬೇಕು, ಅದು ಹೊಡೆದವನ ಸಾಲ ಎಂಬುದು ಅವರ ನಿಯಮ. ಮಂತ್ರ ಮಾಟ, ನಾಟಿ ಔಷಧಿ, ಹಾವು, ಪ್ರೇತ ಇವುಗಳ ಮೇಲೂ ಆಸಕ್ತಿ ಇತ್ತು. ವಿವರಿಸಲಾಗದ್ದನ್ನು ವಿವರಿಸಲಾಗದ್ದು ಅಂತಲೇ ಬರೆದಿಟ್ಟರು.

ವಯಸ್ಸಾದ ಹಾಗೆ ಕೋವಿಗಿಂತ ಕ್ಯಾಮೆರಾ ಹೆಚ್ಚು ಹಿಡಿಸಿತು. ಒಂದು ಕಾಲದಲ್ಲಿ ಊರಿಗೆ ಊರೇ ಹೆದರುತ್ತಿದ್ದ ಹುಲಿ ಕಣ್ಣೆದುರೇ ಅಪರೂಪವಾಗುತ್ತಾ ಬಂತು. ಬೆಳ್ಳಂಬೆಳಕಿನ ದೀಪ ಬಿಟ್ಟು ಜೀಪಿನಲ್ಲಿ ಜಿಂಕೆ ಹೊಡೆಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ, ಬರಹದಲ್ಲಿ ಝಾಡಿಸಿದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಶಿಕಾರಿಯ ಕಾಲ ಮುಗಿಯಿತು. ಎರಡೇ ವರ್ಷಕ್ಕೆ, 1974ರ ಆಗಸ್ಟ್ 30ರಂದು ಆಂಡರ್ಸನ್ ಕ್ಯಾನ್ಸರಿನಿಂದ ಬೆಂಗಳೂರಿನಲ್ಲಿ ತೀರಿಕೊಂಡರು. ಆಗ 64 ವರ್ಷ. ಹೊಸೂರು ರಸ್ತೆಯ ಸ್ಮಶಾನದಲ್ಲಿ ಸಮಾಧಿ ಇದೆ. ಕೊನೆಯ ಪುಸ್ತಕವೊಂದು ಅವರು ಹೋದ ಮೇಲೆ ಅಚ್ಚಾಯಿತು. ಅದೇ 1974ರಲ್ಲಿ ಈ ಜಿಲ್ಲೆಯಲ್ಲಿ ಜಾಗರ ಕಣಿವೆಯ ಜೊತೆ ಲಕ್ಕವಳ್ಳಿಯ ಕಾಡನ್ನೂ ಸೇರಿಸಿ ಭದ್ರಾ ಅಭಯಾರಣ್ಯ ಎಂದು ಹೆಸರಿಟ್ಟರು. 1998ರಲ್ಲಿ ಅಲ್ಲಿ ಹುಲಿ ಯೋಜನೆಯೂ ಬಂತು. ಇತ್ತ ಹೊರನಾಡಿನ ಮಗ್ಗುಲಿಗೆ 1987ರಲ್ಲೇ ಕುದುರೆಮುಖ ರಾಷ್ಟ್ರೀಯ ಉದ್ಯಾನ ಆಗಿತ್ತು.

ಈಗ ಹೊರನಾಡು ಕಳಸದ ತೋಟಗಳಲ್ಲಿ ಉಳಿದಿರುವ ಕೋವಿಗಳು ಬೆಳೆ ಕಾಯಲಿಕ್ಕೆ, ಜೀವ ಕಾಯಲಿಕ್ಕೆ ಲೈಸೆನ್ಸ್ ಪಡೆದವು. ಕಾಟಿ ಬಂತು, ಹಂದಿ ಬಂತು, ಆನೆ ಬಂತು ಅಂದರೆ ಒಂದು ಗಾಳಿ ಗುಂಡು, ಗದ್ದಲ, ಪಟಾಕಿ. ಅದಕ್ಕೆ ನಳಿಗೆ ಎಷ್ಟುದ್ದ ಇದ್ದರೂ ಒಂದೇ. ಆದರೂ ಉದ್ದ ಜಾಸ್ತಿಯಾಯಿತು ಅಂತ ಮನೆಯಲ್ಲೇ ಹ್ಯಾಕ್ಸಾ ಬ್ಲೇಡು ಹಿಡಿದು ನಳಿಗೆ ಕೊಯ್ಯುವ ಆಲೋಚನೆ ಯಾರಿಗಾದರೂ ಇದ್ದರೆ ಕೈಬಿಡುವುದು ಒಳ್ಳೆಯದು. 1959ರ ಆಯುಧ ಕಾಯ್ದೆಯ 6ನೇ ಕಲಮಿನ ಪ್ರಕಾರ ಪ್ರತ್ಯೇಕ ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡುವುದೇ ಅಪರಾಧ. ಕೋವಿಯೂ ಹೋಗುತ್ತದೆ, ಕೋವಿಯವನೂ ಹೋಗುತ್ತಾನೆ.

ಚುನಾವಣೆ ಮುಗಿದು ಎಣಿಕೆ ಆದ ಮೇಲೆ ಮತ್ತೆ ಠಾಣೆ ಮುಂದೆ ಸಾಲು. ರಸೀದಿ ಕೊಟ್ಟು ಕೋವಿ ಬಿಡಿಸಿಕೊಂಡವರು ಅಲ್ಲೇ ಜಗಲಿಯಲ್ಲಿ ನಿಂತು, ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಾರೆ, ತೇವಕ್ಕೆ ತುಕ್ಕು ಹಿಡಿದಿದೆಯೋ ಹೇಗೆ ಅಂತ. ಆಮೇಲೆ ಗೋಣಿಚೀಲ ಸುತ್ತಿಕೊಂಡು ಹೊರನಾಡಿನ ಬಸ್ಸಿಗೆ ಓಡುತ್ತಾರೆ.